ಅರಬ್ಬಿಯಲ್ಲಿ ಆಲೋಚಿಸಿದ ಕ್ರೈಸ್ತರು

ಕ್ರೈಸ್ತ ಚಿಂತನೆ ಎಂದೊಡನೆ ನಮ್ಮ ಕಣ್ಣೆದುರು ಬರುವುದು ರೋಮ್, ಜಿನೀವಾ, ಲಂಡನ್. ಅರಬ್ಬಿ ಎಂದೊಡನೆ ಮಸೀದಿ, ಮದರಸ, ಕುರ್‌ಆನ್. ಈ ಎರಡು ಚಿತ್ರಗಳು ಎಂದಾದರೂ ಒಂದಾಗಿದ್ದವು ಎಂದರೆ ಎರಡೂ ಕಡೆಯವರು ಹುಬ್ಬೇರಿಸುತ್ತಾರೆ. ನಾನೂ ಹುಬ್ಬೇರಿಸಿದವನೇ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಅನಂತರ ಕನ್ನಡ ಹೈಸ್ಕೂಲು ಸೇರಿದವನು ನಾನು. ನಮ್ಮ ಉಸ್ತಾದರು ಹೇಳಿಕೊಟ್ಟ ಇತಿಹಾಸದಲ್ಲಿ ಬಗ್ದಾದ್ ಎಂದರೆ ಹಾರೂನ್ ರಶೀದ್, ಮಾಮೂನ್ ಮತ್ತು ಗ್ರೀಕ್ ಗ್ರಂಥಗಳ ತರ್ಜುಮೆ. ತರ್ಜುಮೆ ಮಾಡಿದವರಲ್ಲಿ ಬಹುಪಾಲು ಮಂದಿ ಕ್ರೈಸ್ತರು ಎಂಬುದನ್ನು ಅವರು ಹೇಳಲಿಲ್ಲ. ಬಹುಶಃ ಅವರಿಗೂ ಯಾರೂ ಹೇಳಿರಲಿಲ್ಲ. ಆ ಕ್ರೈಸ್ತರು ಅರಿಸ್ಟಾಟಲ್, ಗೇಲನ್ ಮುಂತಾದವರನ್ನು ಅನುವಾದಿಸಿ ಸುಮ್ಮನಾಗಲಿಲ್ಲ, ತಮ್ಮ ಧರ್ಮವನ್ನೇ ಅರಬ್ಬಿಯಲ್ಲಿ ಹೊಸದಾಗಿ ಯೋಚಿಸಿದರು ಎಂಬುದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ.

ಏಳನೆಯ ಶತಮಾನದ ನಡುಭಾಗದ ಹೊತ್ತಿಗೆ ಸಿರಿಯಾ, ಇರಾಕ್, ಈಜಿಪ್ಟ್‌ಗಳು ಮುಸ್ಲಿಮ್ ಆಳ್ವಿಕೆಗೆ ಬಂದವು. ಆಳುವವರು ಮುಸ್ಲಿಮರಾದರೂ ಜನಸಂಖ್ಯೆಯ ದೊಡ್ಡ ಪಾಲು ಕ್ರೈಸ್ತರೇ. ಅವರಲ್ಲಿ ಮೂರು ಮುಖ್ಯ ಪಂಗಡಗಳಿದ್ದವು: ಬೈಜಾಂಟಿಯಮ್ ಸಾಮ್ರಾಟನ ಮತವನ್ನು ಒಪ್ಪಿದ ಮೆಲ್ಕೈಟರು, ಅದನ್ನು ಒಪ್ಪದ ಯಾಕೋಬಿಗಳು, ಪರ್ಷಿಯಾದ ನೆಲದಲ್ಲಿ ಬೆಳೆದ ಪೌರಸ್ತ್ಯ ಚರ್ಚಿನವರು. ಕೊನೆಯವರನ್ನು ಹೊರಗಿನವರು ನೆಸ್ಟೋರಿಯನ್ನರೆಂದು ಕರೆದರು. ಮೂವರಿಗೂ ಪರಸ್ಪರ ಆಗುತ್ತಿರಲಿಲ್ಲ. ಅವರ ಭಾಷೆಗಳು ಗ್ರೀಕ್, ಕಾಪ್ಟಿಕ್ ಮತ್ತು ನಮ್ಮ ಉರ್ದು ಪುಸ್ತಕಗಳು ಸುರಿಯಾನಿ ಎನ್ನುವ ಸಿರಿಯಾಕ್. ಖಲೀಫ ಅಬ್ದುಲ್ ಮಲಿಕ್ (685–705) ಆಡಳಿತದ ಲೆಕ್ಕಪತ್ರಗಳನ್ನು ಅರಬ್ಬಿಗೆ ಬದಲಾಯಿಸಿದ ಮೇಲೆ ಚಿತ್ರ ಬದಲಾಗತೊಡಗಿತು. ಡಮಾಸ್ಕಸ್ಸಿನ ಜಾನ್ ಎಂಬ ಹೆಸರಾಂತ ಕ್ರೈಸ್ತ ಪಂಡಿತನ ಮನೆತನ ಉಮಯ್ಯಾ ಖಲೀಫರ ಕಚೇರಿಯಲ್ಲಿ ಹಣಕಾಸು ನೋಡಿಕೊಂಡದ್ದು. ಆದರೂ ಜಾನ್ ಬರೆದದ್ದು ಗ್ರೀಕ್‌ನಲ್ಲೇ. ಇಸ್ಲಾಮನ್ನು ಆತ ಹೊರಗಿನಿಂದ, ಇನ್ನೊಂದು ಪಾಷಂಡ ಮತವೆಂಬಂತೆ ನೋಡಿದ. ಆತನ ನಂತರದ ಪೀಳಿಗೆಗೆ ಆ ಅನುಕೂಲ ಇರಲಿಲ್ಲ. ಸಂತೆಯಲ್ಲಿ, ಕಚೇರಿಯಲ್ಲಿ, ಬೀದಿಯಲ್ಲಿ ಅರಬ್ಬಿ. ಬರಬರುತ್ತ ಮನೆಯಲ್ಲೂ ಅರಬ್ಬಿ. ಪಕ್ಕದ ಮನೆಯವನು ಅದೇ ಭಾಷೆಯಲ್ಲಿ ಕೇಳುತ್ತಿದ್ದ: ನಿಮಗೆ ದೇವರು ಎಷ್ಟು ಜನ? ಆತನಿಗೆ ಮಗ ಹೇಗೆ? ಶಿಲುಬೆಗೆ ಏಕೆ ತಲೆಬಾಗುತ್ತೀರಿ?

ಈ ಪ್ರಶ್ನೆಗಳಿಗೆ ಹಳೆಯ ಗ್ರೀಕ್ ಗ್ರಂಥಗಳಲ್ಲಿ ಸಿದ್ಧ ಉತ್ತರ ಸಿಗುವಂತಿರಲಿಲ್ಲ. ಅಲ್ಲಿ ಕ್ರೈಸ್ತರು ವಾದಿಸಿದ್ದು ಹೆಚ್ಚಾಗಿ ಕ್ರೈಸ್ತರೊಂದಿಗೇ. ಕ್ರಿಸ್ತನಲ್ಲಿ ಸ್ವಭಾವ ಒಂದೋ ಎರಡೋ ಎಂಬುದು ಅವರ ಜಗಳ. ದೇವರ ಏಕತೆಯ ಬಗ್ಗೆ ಅವರಿಗಿಂತ ಖಡಾಖಂಡಿತವಾಗಿ ಮಾತನಾಡುವ ನೆರೆಯವನು ಎದುರಿಗೆ ನಿಂತಾಗ ಮೊದಲಿನಿಂದ ಯೋಚಿಸಬೇಕಾಯಿತು.

ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ ಎಂಟನೆಯ ಶತಮಾನದ ಒಂದು ಅರಬ್ಬಿ ಬರಹ ಉಳಿದಿದೆ. ಮಾರ್ಗರೆಟ್ ಡನ್‌ಲಪ್ ಗಿಬ್ಸನ್ ಎಂಬ ವಿದುಷಿ 1899ರಲ್ಲಿ ಅದನ್ನು ಅಚ್ಚು ಹಾಕಿಸಿದಳು. ಬರೆದವನ ಹೆಸರಿಲ್ಲ. ವಿಷಯ ತ್ರಿತ್ವದ ಸಮರ್ಥನೆ. ಆದರೆ ಆರಂಭದ ದೇವಸ್ತುತಿಯನ್ನು ಹೆಸರು ಮುಚ್ಚಿ ನಮ್ಮ ಯಾವುದೇ ಮೌಲವಿಗಳ ಮುಂದಿಟ್ಟರೆ ಇದು ಯಾವ ಖುತ್ಬಾದ ಭಾಗ ಎಂದು ಕೇಳಿಯಾರು. ಆತ ಕುರ್‌ಆನ್ ಓದಿದ್ದಾನೆ, ಅದರ ಲಯ ಕಿವಿಯಲ್ಲಿ ಕೂತಿದೆ, ಅದರ ವಚನಗಳನ್ನೇ ತನ್ನ ಪಕ್ಷಕ್ಕೆ ಸಾಕ್ಷಿಯಾಗಿ ಕರೆಯುತ್ತಾನೆ. ಈಸಾ(ಅ)ರನ್ನು ಕುರ್‌ಆನ್ ದೇವರ ವಚನ ಎಂದು, ಅವನ ಕಡೆಯ ಒಂದು ರೂಹ್ ಎಂದು ಹೇಳುವುದನ್ನು ಅರಬ್ಬಿ ಬರೆದ ಕ್ರೈಸ್ತರು ಮತ್ತೆ ಮತ್ತೆ ಮುಂದಿಟ್ಟರು. ಅದೇ ಆಯತ್‌ನಲ್ಲಿ 'ಮೂರು' ಎನ್ನಬೇಡಿ ಎಂದೂ ಇದೆಯಲ್ಲ ಎಂಬುದು ಮುಸ್ಲಿಮರ ಉತ್ತರ. ಆ ಉತ್ತರವೇ ನನ್ನದೂ ಹೌದು. ಆದರೆ ಇಲ್ಲಿ ನನ್ನ ಕುತೂಹಲ ಯಾರು ಗೆದ್ದರು ಎಂಬುದರಲ್ಲಿಲ್ಲ.

ಇನ್ನು ಬಗ್ದಾದಿಗೆ ಬರೋಣ. ಮನ್ಸೂರ್ 762ರಲ್ಲಿ ಕಟ್ಟಿದ ನಗರ ಅದು. ಪೌರಸ್ತ್ಯ ಚರ್ಚಿನ ಮಹಾಧರ್ಮಗುರುವಾಗಿ 780ರಿಂದ 823ರವರೆಗೆ ಇದ್ದ ಒಂದನೆಯ ತಿಮೊಥಿ ತನ್ನ ಪೀಠವನ್ನು ಅಲ್ಲಿಗೇ ತಂದ. ಆತನ ಅಧಿಕಾರ ಎಲ್ಲಿಯವರೆಗೆ ಎಂದರೆ ತುರ್ಕರ ನಾಡು, ಚೀನಾ, ನಮ್ಮ ಮಲಬಾರ್ ಕರಾವಳಿ. ಆತನ ಕಾಲದ ನಂತರ ಸ್ವಲ್ಪದರಲ್ಲೇ, 849ರಲ್ಲಿ, ಕೊಲ್ಲಮ್ಮಿನ ತರಿಸಾ ಚರ್ಚಿಗೆ ಕೊಟ್ಟ ತಾಮ್ರ ಶಾಸನಕ್ಕೆ ಮುಸ್ಲಿಮರು, ಪಾರಸಿಗಳು, ಯಹೂದಿಗಳು ತಂತಮ್ಮ ಲಿಪಿಗಳಲ್ಲಿ ಸಾಕ್ಷಿ ಹಾಕಿದ್ದಾರೆ. ಅದೇ ಬೇರೆ ಲೇಖನದ ವಿಷಯ.

ತಿಮೊಥಿ ಪೀಠವೇರಿದ ಒಂದೆರಡು ವರ್ಷಗಳಲ್ಲಿ ಖಲೀಫ ಮಹ್ದಿ ಅವನನ್ನು ಎರಡು ದಿನ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿದ. ಆ ಸಂವಾದವನ್ನು ತಿಮೊಥಿ ಒಬ್ಬ ಮಿತ್ರನಿಗೆ ಸುರಿಯಾನಿಯಲ್ಲಿ ಪತ್ರ ಬರೆದು ತಿಳಿಸಿದ್ದಾನೆ. ಬರೆದವನು ತಿಮೊಥಿಯೇ ಆದ್ದರಿಂದ ಮಾತಿನಲ್ಲಿ ಅವನೇ ಸ್ವಲ್ಪ ಮೇಲುಗೈ ಎಂಬುದನ್ನು ಓದುಗರು ಲೆಕ್ಕಕ್ಕೆ ಹಿಡಿಯಬೇಕು. ಆದರೂ ಖಲೀಫನನ್ನು ಮೂರ್ಖನಂತೆ ಚಿತ್ರಿಸಿಲ್ಲ. ಮಹ್ದಿಯ ಪ್ರಶ್ನೆಗಳು ಚೂಪಾಗಿವೆ. ನಿನ್ನಂಥ ತಿಳಿದವನು ದೇವರು ಹೆಣ್ಣನ್ನು ವರಿಸಿ ಮಗನನ್ನು ಪಡೆದ ಎಂದು ಹೇಳಬಹುದೇ ಎಂಬುದರಿಂದಲೇ ಆತನ ಆರಂಭ. ಅಂಥ ಮಾತು ದೇವನಿಂದೆ, ಅದನ್ನು ಹೇಳಿದವರಾರು ಎಂದು ತಿಮೊಥಿ. ಮತ್ತೆ ಮಗ ಎಂದರೇನು? ಸೂರ್ಯನಿಂದ ಬೆಳಕು ಹುಟ್ಟುವಂತೆ, ಮನಸ್ಸಿನಿಂದ ಮಾತು ಹುಟ್ಟುವಂತೆ ಎಂದು ಉತ್ತರ. ಮುಂದೆ ಖಲೀಫ ಇನ್ನೂ ಕಷ್ಟದ ಪ್ರಶ್ನೆ ಕೇಳುತ್ತಾನೆ: ಮುಹಮ್ಮದರ(ಸ) ಬಗ್ಗೆ ಏನು ಹೇಳುತ್ತೀ?

ದರ್ಬಾರಿನಲ್ಲಿ ಕೂತ ಕ್ರೈಸ್ತ ಗುರುವಿಗೆ ಇದು ಕತ್ತಿಯ ಅಂಚು. ಹೌದು ಎಂದರೆ ತನ್ನ ಧರ್ಮ ಹೋಯಿತು. ಇಲ್ಲ ಎಂದರೆ ಏನು ಹೋಗುತ್ತದೋ ಬಲ್ಲವರಿಲ್ಲ. ಅವರು ಎಲ್ಲ ಶ್ಲಾಘನೆಗೆ ಅರ್ಹರು, ಪ್ರವಾದಿಗಳ ದಾರಿಯಲ್ಲಿ ನಡೆದವರು ಎಂದು ತಿಮೊಥಿ ಹೇಳಿದ. ಜನರನ್ನು ವಿಗ್ರಹಗಳಿಂದ ಬಿಡಿಸಿದರು, ಒಬ್ಬನೇ ದೇವರನ್ನು ಕಲಿಸಿದರು, ಕೆಡುಕಿನಿಂದ ಒಳಿತಿಗೆ ಕರೆದರು ಎಂದು ಕಾರಣವನ್ನೂ ಕೊಟ್ಟ. ಆದರೆ ಪ್ರವಾದಿ ಎನ್ನಲಿಲ್ಲ. ಇದನ್ನು ಜಾಣತನದ ನುಣುಚಿಕೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನುಣುಚಿಕೊಳ್ಳುವವನು ಅಷ್ಟು ಕಾರಣಗಳನ್ನು ಎಣಿಸಬೇಕಾಗಿರಲಿಲ್ಲ. ತನ್ನ ನಂಬಿಕೆಯನ್ನು ಬಿಡದೆ ಎದುರಿನವನ ನಂಬಿಕೆಯಲ್ಲಿ ಎಷ್ಟನ್ನು ಪ್ರಾಮಾಣಿಕವಾಗಿ ಮೆಚ್ಚಬಹುದೋ ಅಷ್ಟನ್ನು ಅಳೆದು ಹೇಳಿದ ಮಾತು ಅದು.

ಆ ಸಂವಾದದಲ್ಲೇ ಮುತ್ತಿನ ದೃಷ್ಟಾಂತ ಬರುತ್ತದೆ. ಕತ್ತಲ ಮನೆಯಲ್ಲಿ ಬಹಳ ಜನ ಸೇರಿದ್ದಾರೆ. ಬೆಲೆಬಾಳುವ ಮುತ್ತೊಂದು ಅವರ ನಡುವೆ ಬಿತ್ತು. ಎಲ್ಲರೂ ತಡಕಾಡಿದರು. ಒಬ್ಬನ ಕೈಗೆ ಮುತ್ತು, ಇನ್ನೊಬ್ಬನಿಗೆ ಗಾಜು, ಮತ್ತೊಬ್ಬನಿಗೆ ಕಲ್ಲೋ ಮಣ್ಣಿನ ಚೂರೋ. ಪ್ರತಿಯೊಬ್ಬನೂ ಮುತ್ತು ತನ್ನದೇ ಮುಷ್ಟಿಯಲ್ಲಿದೆ ಎಂದುಕೊಂಡಿದ್ದಾನೆ. ಬೆಳಕಾದಾಗ ತಿಳಿಯುತ್ತದೆ. ಆ ಮುತ್ತು ನಮ್ಮ ಕೈಯಲ್ಲಿದೆ ಎಂದು ದೇವರಲ್ಲಿ ಭರವಸೆ ಇಟ್ಟಿದ್ದೇವೆ ಎಂದ ಖಲೀಫ. ತಿಮೊಥಿ ಆಮೀನ್ ಎಂದ. ನಿಮ್ಮ ಜೊತೆಗೆ ನಮಗೂ ಅದರಲ್ಲಿ ಪಾಲಿರಲಿ ಎಂದು ಸೇರಿಸಿದ. ಕತ್ತಲಲ್ಲೂ ಮುತ್ತಿನ ಹೊಳಪು ಅಲ್ಪಸ್ವಲ್ಪ ಕಾಣುತ್ತದೆ, ಅದು ನಮ್ಮ ಕಡೆಗೇ ಕಾಣುತ್ತಿದೆ ಎಂದು ವಾದಿಸುವುದನ್ನೂ ಮರೆಯಲಿಲ್ಲ. ಇಬ್ಬರೂ ತಮ್ಮ ಮುಷ್ಟಿ ಬಿಚ್ಚಲಿಲ್ಲ. ಆದರೂ ಇದೇ ಮಹ್ದಿ ಅರಿಸ್ಟಾಟಲನ ತರ್ಕಗ್ರಂಥವೊಂದನ್ನು ಅರಬ್ಬಿಗೆ ತರುವ ಕೆಲಸವನ್ನು ಇದೇ ತಿಮೊಥಿಗೆ ವಹಿಸಿದ. ವಾದ ಮಾಡುವ ಬಗೆಯನ್ನು ಕಲಿಸುವ ಗ್ರಂಥ ಅದು.

ತಿಮೊಥಿಗೆ ಸುರಿಯಾನಿ ಇತ್ತು. ಹರ್ರಾನಿನ ಬಿಷಪ್ ಥಿಯೊಡೋರ್ ಅಬೂ ಖುರ್ರಾ ನೇರವಾಗಿ ಅರಬ್ಬಿಯಲ್ಲೇ ಬರೆದ ಮೊದಲಿಗರಲ್ಲಿ ಒಬ್ಬ. ಹರ್ರಾನ್ ಈಗಿನ ತುರ್ಕಿಯ ಉರ್ಫಾ ಪಟ್ಟಣಕ್ಕೆ ಹತ್ತಿರದ ಊರು. ಅಂದು ಅಲ್ಲಿ ನಕ್ಷತ್ರಪೂಜಕರೂ ಇದ್ದರು. ಇಷ್ಟೊಂದು ಧರ್ಮಗಳ ನಡುವೆ ಬದುಕಿದವನು ಒಂದು ಕಥೆ ಹೇಳುತ್ತಾನೆ. ನಾನು ಬೆಟ್ಟದ ಮೇಲೆ ಜನರ ಸಂಪರ್ಕವಿಲ್ಲದೆ ಬೆಳೆದೆ, ಒಂದು ದಿನ ಕೆಳಗಿಳಿದು ಬಂದೆ ಎಂದು ಶುರು. ಕೆಳಗೆ ಬಂದರೆ ಒಬ್ಬೊಬ್ಬರೂ ಕೈ ಹಿಡಿದು ಎಳೆಯುವವರೇ: ನಕ್ಷತ್ರಪೂಜಕ, ಅಗ್ನಿಪೂಜಕ, ಯಹೂದಿ, ಕ್ರೈಸ್ತ, ಮಾನಿಯ ಅನುಯಾಯಿ, ಮುಸ್ಲಿಮ್. ನಮ್ಮದೊಂದೇ ನಿಜ, ಉಳಿದವರ ಮಾತು ಕೇಳಬೇಡ ಎಂದು ಎಲ್ಲರ ಉಪದೇಶ. ಎಲ್ಲರಿಗೂ ಒಬ್ಬ ದೇವರಿದ್ದಾನೆ, ಹಲಾಲು ಹರಾಮು ಇದೆ, ಸ್ವರ್ಗ ನರಕ ಇದೆ. ಅವು ಯಾವುವು ಎಂಬುದರಲ್ಲಿ ಮಾತ್ರ ಒಬ್ಬರಂತೆ ಒಬ್ಬರಿಲ್ಲ.

ಆಮೇಲೆ ಕಥೆಯೊಳಗೆ ಇನ್ನೊಂದು ಕಥೆ. ಯಾರ ಕಣ್ಣಿಗೂ ಬೀಳದ ಒಬ್ಬ ರಾಜ. ದೂರದೇಶಕ್ಕೆ ಹೋದ ಅವನ ಮಗ ಕಾಯಿಲೆ ಬಿದ್ದ. ಮಗ ಅಪ್ಪನ ಮುಖ ಕಂಡವನಲ್ಲ. ರಾಜ ಒಬ್ಬ ದೂತನ ಕೈಯಲ್ಲಿ ಪತ್ರ, ಔಷಧ ಕಳಿಸಿದ. ಸುದ್ದಿ ತಿಳಿದ ಶತ್ರುಗಳೂ ತಲಾ ಒಬ್ಬ ದೂತನನ್ನು, ಒಂದೊಂದು ಪತ್ರವನ್ನು ಕಳಿಸಿದರು. ಮಗನ ಹಾಸಿಗೆಯ ಸುತ್ತ ದೂತರ ಜಗಳ. ಕೊನೆಗೆ ಅಲ್ಲೇ ಇದ್ದ ವೈದ್ಯ ಎದ್ದು ಹೇಳುತ್ತಾನೆ: ಎಲ್ಲರೂ ಸುಮ್ಮನಿರಿ. ಪತ್ರಗಳಲ್ಲಿ ರಾಜನ ರೂಪವನ್ನು ಹೇಗೆ ವರ್ಣಿಸಿದೆ ನೋಡೋಣ. ಮಗನ ಮುಖ ನಮ್ಮ ಮುಂದಿದೆ, ಹೋಲಿಸೋಣ. ಯಾವ ಔಷಧ ಈ ರೋಗಕ್ಕೆ ತಕ್ಕದ್ದು ಎಂಬುದು ನನಗೆ ಗೊತ್ತು, ಅದನ್ನೂ ಹೋಲಿಸೋಣ. ರಾಜ ದೇವರು, ಮಗ ಮನುಷ್ಯ, ವೈದ್ಯ ಮನುಷ್ಯನ ಬುದ್ಧಿ.

ವೈದ್ಯ ಕೊನೆಗೆ ಆರಿಸಿದ್ದು ಇಂಜೀಲನ್ನೇ ಎಂದು ಬೇರೆ ಹೇಳಬೇಕಾಗಿಲ್ಲ. ಬಿಷಪರಿಂದ ಬೇರೇನು ನಿರೀಕ್ಷಿಸಲಾದೀತು? ಆದರೆ ಇಪ್ಪತ್ತು ವರ್ಷ ಕಥೆ ಬರೆದವನಾಗಿ ನಾನು ನಿಲ್ಲುವುದು ಅಲ್ಲಲ್ಲ, ಪತ್ರಗಳನ್ನು ಪಕ್ಕಕ್ಕಿಡಿ ಎಂದ ಜಾಗದಲ್ಲಿ. ನನ್ನ ಗ್ರಂಥದಲ್ಲಿ ಬರೆದಿದೆ ಎಂಬುದು ನೆರೆಯವನಿಗೆ ಪ್ರಮಾಣವಲ್ಲ. ಅವನ ಗ್ರಂಥದ ಮಾತು ನನಗೂ ಅಷ್ಟೇ. ಇಬ್ಬರಿಗೂ ಸೇರಿದ ನೆಲ ಯಾವುದು? ಮನುಷ್ಯನ ಸ್ವಭಾವ, ಅವನ ಬುದ್ಧಿ. ಹೀಗೆ 'ನಿಜವಾದ ಧರ್ಮವನ್ನು ಗುರುತಿಸುವುದು ಹೇಗೆ' ಎಂಬುದೇ ಅರಬ್ಬಿ ಕ್ರೈಸ್ತ ಬರಹದಲ್ಲಿ ಒಂದು ಪ್ರಕಾರವಾಗಿ ಬೆಳೆಯಿತು. ಸುಮಾರು ಮೂರೂವರೆ ಶತಮಾನದ ನಂತರ ಇಬ್ನ್ ತುಫೈಲ್ ದ್ವೀಪದಲ್ಲಿ ಒಂಟಿಯಾಗಿ ಬೆಳೆದ ಹಯ್ಯ್ ಬಿನ್ ಯಖ್ಜಾನನ ಕಥೆ ಬರೆದಾಗ ಅವನಿಗೆ ಈ ಬೆಟ್ಟದ ಮನುಷ್ಯ ಗೊತ್ತಿದ್ದನೋ ಇಲ್ಲವೋ, ನನಗಂತೂ ಇಬ್ಬರೂ ಅಣ್ಣತಮ್ಮಂದಿರಂತೆ ಕಾಣುತ್ತಾರೆ.

ಅಬೂ ಖುರ್ರಾನ ಇನ್ನೊಂದು ಗ್ರಂಥ ಪವಿತ್ರ ಚಿತ್ರಗಳ ಬಗ್ಗೆ. ಮುಸ್ಲಿಮ್ ಮತ್ತು ಯಹೂದಿ ನೆರೆಯವರು ಹಂಗಿಸುತ್ತಾರೆಂದು ಕ್ರೈಸ್ತರಲ್ಲೇ ಕೆಲವರು ಚಿತ್ರಗಳ ಮುಂದೆ ಬಾಗುವುದನ್ನು ಬಿಟ್ಟಿದ್ದರು. ಆತನ ನಿಜವಾದ ಚಿಂತೆ ಇದು. ಸಜ್ದಾ ಮಾಡುವವನ ಹಣೆ ನೆಲಕ್ಕೆ ತಾಗುತ್ತದೆ, ನೆಲಕ್ಕೆ ಸಜ್ದಾ ಮಾಡಿದ ಎನ್ನುತ್ತೀರಾ ಎಂದು ಆತ ಕೇಳುತ್ತಾನೆ. ಆದಮರಿಗೆ(ಅ) ಮಲಕ್‌ಗಳು ಬಾಗಿದ ಪ್ರಸಂಗವನ್ನೂ ನೆನಪಿಸುತ್ತಾನೆ. ಇವನ್ನು ಓದಿದಾಗ ಅರ್ಧ ಉತ್ತರ ಕೊಡಬೇಕೆನಿಸಿತು, ಅರ್ಧ ನಗು ಬಂತು. ನಮ್ಮ ಮನೆಯ ಒಳಗೆಲ್ಲ ಓಡಾಡಿ ಬಲ್ಲವನು ಮಾತ್ರ ಹೀಗೆ ಕೇಳಬಲ್ಲ.

ಎಲ್ಲಕ್ಕಿಂತ ಕಷ್ಟ ಪದಗಳದ್ದು. ತಂದೆ, ಮಗ, ಪವಿತ್ರಾತ್ಮ ಈ ಮೂರನ್ನು ಒಟ್ಟಾಗಿ ಏನೆಂದು ಕರೆಯುವುದು? ಗ್ರೀಕ್‌ನಲ್ಲಿ, ಸುರಿಯಾನಿಯಲ್ಲಿ ಪದಗಳಿದ್ದವು. ಅರಬ್ಬಿಯಲ್ಲಿ 'ಶಖ್ಸ್' ಎನ್ನೋಣವೆಂದರೆ ಉರ್ದು ಬಲ್ಲವರಿಗೂ ತಿಳಿಯುತ್ತದೆ, ಮೂವರು ಆಸಾಮಿಗಳು ಬಂದು ನಿಂತಂತೆ ಆಗುತ್ತದೆ. ಒಂಬತ್ತನೆಯ ಶತಮಾನದ ಮೊದಲರ್ಧದಲ್ಲಿದ್ದ ಬಸ್ರಾದ ಅಮ್ಮಾರ್ ಎಂಬ ಪೌರಸ್ತ್ಯ ಚರ್ಚಿನ ಪಂಡಿತ ಆ ಪದ ಬೇಡ ಎಂದ, ಅದು ದೇಹವನ್ನು ಸೂಚಿಸುತ್ತದೆ. ಸುರಿಯಾನಿಯ ಪದವನ್ನೇ ಅರಬ್ಬಿ ಎರಕಕ್ಕೆ ಹಾಕಿ 'ಉಖ್ನೂಮ್' ಎಂದರು. ಅದು ಅರಬ್ಬಿಯ ಕಿವಿಗೆ ಪರಕೀಯ. ಆಗ ಅಮ್ಮಾರ್ ಬೇರೆ ದಾರಿಯಿಂದ ಬಂದ. ದೇವರು ಜೀವಂತನು, ಮಾತನಾಡುವವನು ಎಂದು ನೀವೂ ಒಪ್ಪುತ್ತೀರಿ. ಹಾಗಾದರೆ ಅವನಿಗೆ ಜೀವ ಇದೆ, ವಚನ ಇದೆ. ಅವು ಅವನಿಂದ ಬೇರೆಯೋ, ಅವನೇಯೋ? ದೇವರ ಗುಣಗಳು, ಸಿಫಾತ್‌ಗಳು, ದೇವರಿಂದ ಬೇರೆಯೇ ಎಂಬ ಪ್ರಶ್ನೆ ಅದೇ ಬಸ್ರಾದ ಮುತಜಿಲಾ ಚಿಂತಕರನ್ನೂ ನಿದ್ದೆಗೆಡಿಸಿತ್ತು. ಅವರಲ್ಲಿ ಪ್ರಮುಖನಾದ ಅಬುಲ್ ಹುಜೈಲ್ ಅಮ್ಮಾರನ ವಿರುದ್ಧ ಒಂದು ಪುಸ್ತಕವನ್ನೇ ಬರೆದನೆಂದು ಇಬ್ನ್ ನದೀಮ್ ದಾಖಲಿಸಿದ್ದಾನೆ. ಯಾರಿಂದ ಯಾರು ಏನು ಪಡೆದರು ಎಂಬುದು ವಿದ್ವಾಂಸರಲ್ಲಿ ಇನ್ನೂ ಮುಗಿಯದ ಚರ್ಚೆ.

ಈ ಪದಗಳ ಕಷ್ಟ ನನಗೆ ದೂರದ್ದಲ್ಲ. ಕನ್ನಡದಲ್ಲಿ ಬರೆದ ನನ್ನ ಮೊದಮೊದಲಿನ ಕಥೆಯೊಂದರಲ್ಲಿ ಫರಿಶ್ತೆ ಎಂಬ ಅರ್ಥದಲ್ಲಿ 'ದೇವದೂತ' ಎಂದಿದ್ದೆ. ಓದಿದ ಮಿತ್ರರು ಪೈಗಂಬರರು ಎಂದು ತಿಳಿದು, ಅವರೇಕೆ ಆ ಮನೆಗೆ ಬಂದರು ಎಂದು ಕೇಳಿದರು. ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದಾಗ 'ಪ್ರಾರ್ಥನೆ' ಎಂಬ ಪದ ಬಂದಲ್ಲಿ ತಡೆದು, "ನಮಾಜು ಅಂತ ಯಾಕೆ ಬರೀಲಿಲ್ಲ ಬೇಟಾ, ನಾಚಿಕೆಯಾ?" ಎಂದರು. ಹಾಗೆಂದು ಎಲ್ಲವನ್ನೂ ಅರಬ್ಬಿಯಲ್ಲೇ ಬಿಟ್ಟರೆ ನೆರೆಮನೆಯವರಿಗೆ ಬಾಗಿಲು ಹಾಕಿದಂತೆ. ನಾವು ದಿನವೂ ಬಳಸುವ 'ಪ್ರವಾದಿ' ಎಂಬ ಪದವನ್ನೇ ನೋಡಿ. ಕನ್ನಡ ಬೈಬಲ್ಲಿನ ಪುಟಗಳಲ್ಲಿ ಅದು ನಮಗಿಂತ ಮುಂಚೆಯೇ ಇತ್ತು. ಬಗ್ದಾದಿನ ಕ್ರೈಸ್ತರು ಮುಸ್ಲಿಮರ ಪದಗಳಲ್ಲಿ ತಮ್ಮ ದೇವರನ್ನು ಹೇಳಿಕೊಂಡರು. ಕನ್ನಡದ ಮುಸ್ಲಿಮರು ಕ್ರೈಸ್ತರು ರೂಢಿಗೆ ತಂದ ಪದದಲ್ಲಿ ತಮ್ಮ ರಸೂಲರನ್ನು ಕರೆಯುತ್ತಾರೆ.

ಇದೆಲ್ಲ ಹೂವಿನ ಹಾದಿ ಎಂದು ಯಾರೂ ಭಾವಿಸಬಾರದು. ಖಲೀಫ ಮುತವಕ್ಕಿಲ್ 850ರ ಸುಮಾರಿಗೆ ಹೊರಡಿಸಿದ ಆಜ್ಞೆಯನ್ನು ತಬರಿಯ ಇತಿಹಾಸದಲ್ಲಿ ಓದಬಹುದು. ಕ್ರೈಸ್ತರೂ ಯಹೂದಿಗಳೂ ಜೇನುಬಣ್ಣದ ಮೇಲುವಸ್ತ್ರ ತೊಡಬೇಕು, ಹೊಸದಾಗಿ ಕಟ್ಟಿದ ಚರ್ಚುಗಳನ್ನು ಕೆಡವಬೇಕು, ಅವರ ಮನೆಬಾಗಿಲುಗಳಿಗೆ ಮರದ ಶೈತಾನನ ಗೊಂಬೆಗಳನ್ನು ಮೊಳೆ ಹೊಡೆದು ನಿಲ್ಲಿಸಬೇಕು. ಕ್ರೈಸ್ತರು ಗುಮಾಸ್ತರಾಗಿ, ವೈದ್ಯರಾಗಿ, ಅತ್ತರಿನ ವ್ಯಾಪಾರಿಗಳಾಗಿ ಮೆರೆಯುತ್ತಿದ್ದಾರೆ, ನಮ್ಮ ಸಾಮಾನ್ಯ ಜನರ ತಲೆಯಲ್ಲಿ ಸಂದೇಹ ಬಿತ್ತುತ್ತಿದ್ದಾರೆ ಎಂದು ಜಾಹಿಜ್‌ನಂಥ ಮಹಾ ಗದ್ಯಕಾರನೂ ಗೊಣಗಿದ. ಅರಬ್ಬಿ ಗದ್ಯದ ಸೊಗಸಿಗಾಗಿ ಜಾಹಿಜ್‌ನನ್ನು ಇಷ್ಟಪಡುವ ನನಗೆ ಈ ಪುಟಗಳು ಕಹಿ.

ಅದೇ ಮುತವಕ್ಕಿಲನ ವೈದ್ಯ ಹುನೈನ್ ಬಿನ್ ಇಸ್ಹಾಖ್ ಕ್ರೈಸ್ತ. ಹೀರಾ ಎಂಬ ಊರಿನ ಅರಬ್ಬಿ ಕ್ರೈಸ್ತರಲ್ಲಿ ಹುಟ್ಟಿ 873ರಲ್ಲಿ ತೀರಿಕೊಂಡವನು. ಗೇಲನ್‌ನ ಒಂದು ಗ್ರಂಥದ ಹಸ್ತಪ್ರತಿಗಾಗಿ ಸಿರಿಯಾ, ಪ್ಯಾಲೆಸ್ತೀನ್, ಈಜಿಪ್ಟ್ ಎಂದು ಅಲೆಕ್ಸಾಂಡ್ರಿಯಾದವರೆಗೆ ಅಲೆದು, ಕೊನೆಗೆ ಡಮಾಸ್ಕಸ್ಸಿನಲ್ಲಿ ಅರ್ಧ ಮಾತ್ರ ಪಡೆದವನು. ಆಸ್ಥಾನದ ಗೆಳೆಯ ಅಲೀ ಬಿನ್ ಯಹ್ಯಾ ಇಸ್ಲಾಮಿಗೆ ಬಾ ಎಂದು ಕರೆದಾಗ ಹುನೈನ್ ಉತ್ತರ ಬರೆದ. ಜನ ಸುಳ್ಳನ್ನು ಒಪ್ಪುವುದು ಏಕೆ ಎಂದು ಆತ ಕಾರಣಗಳನ್ನು ಹುಡುಕುತ್ತಾನೆ: ಬಲಾತ್ಕಾರ, ಕಷ್ಟದಿಂದ ಪಾರಾಗುವ ಆಸೆ, ಅಧಿಕಾರ ಗೌರವಗಳ ಸೆಳೆತ, ಮಾತಿನ ಮಲ್ಲರ ಮೋಡಿ, ಅಜ್ಞಾನ, ನೆಂಟಸ್ತಿಕೆ. ಇವುಗಳಿಂದ ನನ್ನ ಧರ್ಮ ಹರಡಲಿಲ್ಲ ಎಂಬುದು ಆತನ ವಾದ. ವಾದ ಒಪ್ಪಬೇಕಾಗಿಲ್ಲ. ಆದರೆ ಆ ಪಟ್ಟಿಯನ್ನು ಎದುರಿಟ್ಟುಕೊಂಡು ತಾನು ಏಕೆ ನಂಬುತ್ತೇನೆ ಎಂದು ಕೇಳಿಕೊಳ್ಳಲು ಯಾವ ಧರ್ಮದವನಿಗೂ ಧೈರ್ಯ ಬೇಕು.

ಒಳಗಿನ ಅಪಾಯವೂ ಇತ್ತು. 877ರಲ್ಲಿ ಪ್ಯಾಲೆಸ್ತೀನಿನ ಮಠವೊಂದರಲ್ಲಿ ರಮ್ಲಾದ ಸ್ಟೀಫನ್ ಎಂಬ ಸನ್ಯಾಸಿ ನಕಲು ಮಾಡಿದ ದೊಡ್ಡ ಅರಬ್ಬಿ ಗ್ರಂಥವೊಂದು ತನ್ನವರ ಮೇಲೇ ಸಿಟ್ಟಾಗುತ್ತದೆ. ನೆರೆಯವರೊಂದಿಗೆ ಹೊಂದಿಕೊಳ್ಳಲು ಕೆಲವು ಕ್ರೈಸ್ತರು ಬರೇ 'ಲಾ ಇಲಾಹ ಇಲ್ಲಲ್ಲಾಹ್' ಎಂದು ನಿಲ್ಲಿಸಿಬಿಡುತ್ತಾರೆ, ತ್ರಿತ್ವವನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬ ದೂರು. ಭಾಷೆ ಹಂಚಿಕೊಂಡವನಿಗೆ ಈ ಭಯ ತಪ್ಪಿದ್ದಲ್ಲ. ನನ್ನ ಮಾತು ಎಲ್ಲರಿಗೂ ಹಿತವಾಗುವಷ್ಟು ನುಣುಪಾದಾಗ ಅದರಲ್ಲಿ ನಾನು ಉಳಿದಿದ್ದೇನೆಯೇ?

ಹತ್ತನೆಯ ಶತಮಾನಕ್ಕೆ ಬಂದರೆ ಯಹ್ಯಾ ಬಿನ್ ಅದೀ (893–974) ಸಿಗುತ್ತಾನೆ. ತಿಕ್ರೀತಿನ ಯಾಕೋಬಿ ಕ್ರೈಸ್ತ, ಫಾರಾಬಿಯ ಶಿಷ್ಯ, ಬಗ್ದಾದಿನ ತರ್ಕಶಾಸ್ತ್ರಜ್ಞರಿಗೆ ಹಿರಿಯ. ಹೊಟ್ಟೆಪಾಡಿಗೆ ಪುಸ್ತಕಗಳ ನಕಲು. ದಿನಕ್ಕೆ ನೂರು ಹಾಳೆ ಬರೆಯುತ್ತೇನೆ, ತಬರಿಯ ತಫ್ಸೀರನ್ನು ಎರಡು ಸಲ ಪೂರ್ತಿ ನಕಲು ಮಾಡಿದ್ದೇನೆ ಎಂದು ಆತ ಇಬ್ನ್ ನದೀಮನಿಗೆ ಹೇಳಿಕೊಂಡಿದ್ದ. ಕುರ್‌ಆನಿನ ಆ ಬೃಹತ್ ವ್ಯಾಖ್ಯಾನವನ್ನು ಅಕ್ಷರ ಬಿಡದೆ ಎರಡು ಸಲ ಕೈಯಲ್ಲಿ ಬರೆದ ಎಷ್ಟು ಮಂದಿ ಮುಸ್ಲಿಮರು ಸಿಕ್ಕಾರು? ಅಲ್ ಕಿಂದಿ ತ್ರಿತ್ವವನ್ನು ಖಂಡಿಸಿ ಒಂದು ಬರಹ ಬರೆದಿದ್ದ. ಅದರ ಮೂಲ ಇಂದು ಇಲ್ಲ. ಯಹ್ಯಾ ಆ ಖಂಡನೆಯ ಮಾತುಗಳನ್ನು ಒಂದೊಂದಾಗಿ ಎತ್ತಿ ಬರೆದು ಉತ್ತರ ಕೊಟ್ಟದ್ದರಿಂದ ಅದು ನಮಗೆ ಉಳಿದಿದೆ. ಅಬೂ ಈಸಾ ಅಲ್ ವರ್ರಾಖ್ ಬರೆದ ಖಂಡನೆಯೂ ಉಳಿದದ್ದು ಹೀಗೆಯೇ.

ಆತನ ನೀತಿಗ್ರಂಥದ ಹೆಸರು 'ತಹ್ಜೀಬುಲ್ ಅಖ್ಲಾಖ್'. ಉರ್ದು ಓದಿದವರಿಗೆ ಸರ್ ಸಯ್ಯದ್ ಅಹ್ಮದ್ ಖಾನರು 1870ರಲ್ಲಿ ಶುರು ಮಾಡಿದ ಪತ್ರಿಕೆ ನೆನಪಾಗುತ್ತದೆ. ಹೆಸರು ಒಂದೇ, ಕೃತಿ ಬೇರೆ. ಮನುಷ್ಯರೆಲ್ಲ ಒಂದೇ ಕುಲ, ಮನುಷ್ಯತ್ವವೇ ಅವರನ್ನು ಬೆಸೆಯುವುದು ಎಂದು ಯಹ್ಯಾ ಅಲ್ಲಿ ವಾದಿಸುತ್ತಾನೆ. ಬೈಬಲ್ಲಿನ ಉಲ್ಲೇಖ ಇಲ್ಲದ್ದರಿಂದ ಮುಂದಿನವರು ಅದನ್ನು ಕೆಲವೊಮ್ಮೆ ಜಾಹಿಜ್‌ನದೆಂದೂ ಕೆಲವೊಮ್ಮೆ ಇಬ್ನ್ ಅರಬಿಯದೆಂದೂ ತಿಳಿದು ಓದಿದರು. ಕ್ರೈಸ್ತರ ಬಗ್ಗೆ ಅಷ್ಟು ಗೊಣಗಿದ ಜಾಹಿಜ್‌ನ ಹೆಸರಿನಲ್ಲಿ ಒಬ್ಬ ಕ್ರೈಸ್ತನ ಪುಸ್ತಕ!

ಮತ್ತೆ ತಿಮೊಥಿಯ ಪತ್ರಗಳಿಗೆ ಬರುತ್ತೇನೆ. ಅರಿಸ್ಟಾಟಲನ ತರ್ಜುಮೆ ಮಾಡುವಾಗ ಆತನಿಗೆ ವ್ಯಾಖ್ಯಾನಗಳು ಬೇಕಾದವು. ಮೊಸೂಲಿನ ಹತ್ತಿರ ಬೆಟ್ಟದ ಮೇಲಿರುವ ಮಾರ್ ಮತ್ತಾಯ್ ಮಠದಲ್ಲಿ ಅವು ಸಿಗಬಹುದು. ಆದರೆ ಅದು ಎದುರು ಪಂಗಡದ ಯಾಕೋಬಿಗಳ ಮಠ. ಅಲ್ಲಿ ವಿಚಾರಿಸಿ ನೋ‌ಡು ಎಂದು ಆತ ಗೆಳೆಯನಿಗೆ ಬರೆಯುತ್ತಾನೆ. ತುಂಬ ಆಸಕ್ತಿ ತೋರಿಸಿ ಕೇಳಬೇಡ, ನಮ್ಮ ಉದ್ದೇಶ ತಿಳಿದರೆ ಪುಸ್ತಕ ಬಚ್ಚಿಟ್ಟಾರು ಎಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ಎಂಟನೆಯ ಶತಮಾನದ ಈ ಸಣ್ಣ ಕಿಲಾಡಿತನ ಓದಿದಾಗಲೆಲ್ಲ ನನಗೆ ಆ ಮಹಾಧರ್ಮಗುರು ಹತ್ತಿರದವನಾಗುತ್ತಾನೆ.

ಮೊಸೂಲ್ 2014ರ ಜೂನ್‌ನಲ್ಲಿ ಐಸಿಸ್ ಎಂಬ ಗುಂಪಿನ ಕೈಗೆ ಬಿತ್ತು. ಜುಲೈನಲ್ಲಿ ಅಲ್ಲಿನ ಕ್ರೈಸ್ತರ ಮನೆಗಳ ಮೇಲೆ 'ನೂನ್' ಅಕ್ಷರ ಬರೆದರು. ನಸಾರಾ, ಅಂದರೆ ಕ್ರೈಸ್ತರು ಎಂಬ ಪದದ ಮೊದಲ ಅಕ್ಷರ. ಉರ್ದು ಶಾಲೆಯಲ್ಲಿ ಹಲಗೆಯ ಮೇಲೆ ನಾನು ಬಟ್ಟಲಿನಂತೆ ಬರೆದು ನಡುವೆ ಚುಕ್ಕಿ ಇಟ್ಟು ಕಲಿತ ಅಕ್ಷರ ಅದು. ಆ ಮನೆಗಳ ಜನ ಊರು ಬಿಟ್ಟರು. ಗುಂಪು ಮಾರ್ ಮತ್ತಾಯ್ ಬೆಟ್ಟದಿಂದ ಕೆಲವೇ ಮೈಲಿ ದೂರದವರೆಗೆ ಬಂದಿತ್ತು. ಮಠಕ್ಕೆ ಏನೂ ಆಗಲಿಲ್ಲ. ಹಸ್ತಪ್ರತಿಗಳನ್ನು ಮಠದವರು ಬೇರೆ ಕಡೆಗೆ ಸಾಗಿಸಿದ್ದರು.